ಅದು ಕಾಗೆಹಣ್ಣಲ್ಲ

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ. ಭದ್ರಾವತಿಯಿಂದ ಅವರ ಮೊಮ್ಮಗಳು ಫೋನ್ ಮಾಡಿದ್ದಳು. "ಮಿಸ್, ದಾದಿ ಹೋಗ್ಬಿಟ್ರು. ನಿಮಗೆ ಹೇಳ್ಬೇಕೋ ಬೇಡ್ವೋ ಅಂತ ಇಷ್ಟು ದಿನ ಸುಮ್ನಿದ್ದೆ," ಎಂದಳು. ಯಾಕೆ ಹೇಳಲಿಲ್ಲ ಎಂದು ಕೇಳುವ ಮುಖ ನನಗಿರಲಿಲ್ಲ.

ಅದೇ ವಾರ ಹೊಸಮನೆ ಬಡಾವಣೆಯ ನಮ್ಮ ಬೀದಿಯವರ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಮತ್ತೆ ಬಂತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಸೆರಗು ಜಾರಿ, ಮುಖಕ್ಕೆ ಕೈ ಅಡ್ಡ ಹಿಡಿದು ನಿಂತ ಮುದುಕಿ. ಕೆಳಗೆ, "ಶಾಲಾ ಮಕ್ಕಳಿಗೆ ವಿಷದ ಹಣ್ಣು ಮಾರುವ ಹೆಂಗಸು. ಎಚ್ಚರವಿರಲಿ, ಎಲ್ಲರಿಗೂ ಕಳಿಸಿ." ಮೂರು ವರ್ಷದ ಹಿಂದೆ ಬಂದಾಗ ಅದರಲ್ಲಿ ಅವರ ಹೆಸರಿನ ಜೊತೆ ಶಿವಮೊಗ್ಗದ ಹೆಸರಿತ್ತು, ಈ ಸಲ ಬೇರೆ ಯಾವುದೋ ಊರಿನದು. "ಇದು ಸುಳ್ಳು. ಇವರು ನನಗೆ ಗೊತ್ತು. ಈಗ ಬದುಕಿಲ್ಲ," ಎಂದು ಬರೆದೆ. ಒಬ್ಬರು ಕೈಮುಗಿಯುವ ಚಿತ್ರ ಹಾಕಿದರು. ಅದರ ಕೆಳಗೆ ಇನ್ನೊಬ್ಬರು ಶುಭೋದಯ ಎಂದು ಗುಲಾಬಿ ಹಾಕಿದರು. ಫೋಟೋ ಹಾಕಿದ ಮಹಾನುಭಾವರು ಅದನ್ನು ಅಳಿಸುವ ಗೋಜಿಗೂ ಹೋಗಲಿಲ್ಲ.

ಆ ಗುಲಾಬಿ ನೋಡಿ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡೋಣವೆಂದು ಕೂತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಅದು ಈಗಾಗಲೇ ಬೇಕಾದಷ್ಟು ಊರು ಸುತ್ತಿದೆ. ಅಲ್ಲದೆ ಅದನ್ನು ಬರೆಯುವ ಹಕ್ಕು ನನಗೆಲ್ಲಿದೆ? ಎಂಟು ವರ್ಷ ದಿನಾ ಕಂಡವರ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಪೊಲೀಸರು ಬರೆದುಕೊಳ್ಳುವಾಗ. ಅಲ್ಲಿಯವರೆಗೆ ಅವರು ಎಲ್ಲರಿಗೂ ಬರೀ ಬೂಬಮ್ಮ.

ನಾನು ಆಗ ಮಲವಗೊಪ್ಪದ ಆಚೆಯ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಗೇಟಿನ ಎದುರಿನ ಹೊಂಗೆ ಮರದ ಕೆಳಗೆ ಅವರು ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದರು. ಬೆಳಗ್ಗೆ ಭದ್ರಾವತಿಯ ಮೊದಲ ಬಸ್ಸಿಗೆ ಬಂದು, ನಾಲೆಯ ಏರಿಯಲ್ಲೋ ಗುಡ್ಡದ ಕಡೆಯಲ್ಲೋ ಇಳಿದು, ಸಿಕ್ಕಿದ್ದನ್ನು ಆರಿಸಿಕೊಂಡು, ಮಕ್ಕಳ ಊಟದ ಗಂಟೆಯ ಹೊತ್ತಿಗೆ ಸರಿಯಾಗಿ ಹಾಜರಾಗುತ್ತಿದ್ದರು. ಕವಳೆ, ಬೋರೆ, ನೇರಳೆ, ನೆಲ್ಲಿ, ಆಯಾ ಕಾಲಕ್ಕೆ ಬಿಟ್ಟಿದ್ದು. ಮಳೆ ಹಿಡಿದ ಮೇಲೆ ಕಾಗೆಹಣ್ಣು. ಕಡಲೆಕಾಳಿನಷ್ಟು ಗಾತ್ರದ ಕಪ್ಪು ಹಣ್ಣು. ನಮ್ಮ ಕಡೆ ಅದರ ಸೊಪ್ಪನ್ನು ಗಣಿಕೆ ಸೊಪ್ಪೆಂದು ಸಾರಿಗೂ ಹಾಕುತ್ತಾರೆ.

ವ್ಯಾಪಾರಕ್ಕೆ ಬೇಕಾದ ನಾಲಿಗೆ ಅವರಿಗಿರಲಿಲ್ಲ. ಬೈಗುಳವೇ ಮೊದಲು, ಹಣ್ಣು ಆಮೇಲೆ. ಕೈ ಚಾಚಿದ ಮಗುವಿಗೆ, "ಇದು ಏನು ಹೇಳು," ಎನ್ನುತ್ತಿದ್ದರು. ಗೊತ್ತಿಲ್ಲ ಎಂದರೆ ಕೊಡುತ್ತಿರಲಿಲ್ಲ. "ಗೊತ್ತಿಲ್ದೆ ಇರೋದನ್ನ ಬಾಯಿಗೆ ಹಾಕ್ತೀಯಾ? ಅಲ್ಲಾ ಕಣ್ಣು ಮೇಲಿಟ್ಟವ್ನೆ, ಬಾಯಿ ಕೆಳಗಿಟ್ಟವ್ನೆ. ಯಾಕೆ? ಮೊದ್ಲು ನೋಡ್ಲಿ ಅಂತ!" ಮಗು ಹಣ್ಣನ್ನು ತಿರುಗಿಸಿ, ಮೂಸಿ, ಹೆಸರು ಕಲಿತು ಹೇಳಿದ ಮೇಲೆಯೇ ಪೊಟ್ಟಣ ಕಟ್ಟುವುದು. ಕಾಗೆಹಣ್ಣನ್ನು ಅವರು ಆರಿಸುವುದನ್ನು ನೋಡಬೇಕಿತ್ತು. ಒಂದೇ ಒಂದು ಹಸಿರು ಕಾಯಿ ಕಂಡರೂ ಎತ್ತಿ ರಸ್ತೆಗೆ ಎಸೆಯುತ್ತಿದ್ದರು. "ಕಪ್ಪಾದ್ರೆ ಹಣ್ಣು, ಹಸಿರಿದ್ರೆ ನಂಜು." ಒಮ್ಮೆ ಕಾರಿನಿಂದ ಇಳಿದ ತಾಯಿಯೊಬ್ಬರು, "ಇದು ಆರ್ಗ್ಯಾನಿಕ್ಕಾ?" ಎಂದು ಕೇಳಿದ್ದಕ್ಕೆ, "ಹೋಗಿ ಕಾಗೇನ ಕೇಳು," ಎಂದಿದ್ದರು.

ಎಲ್ಲರೂ ಅವರನ್ನು ನೀನು ಎನ್ನುತ್ತಿದ್ದರು. ಅವರೂ ಎಲ್ಲರನ್ನೂ ನೀನು ಎನ್ನುತ್ತಿದ್ದರು, ನಮ್ಮ ಪ್ರಿನ್ಸಿಪಾಲರನ್ನೂ ಸೇರಿಸಿ. ಪ್ರಿನ್ಸಿಪಾಲರು ಕಾರಿನ ಗಾಜು ಇಳಿಸಿ, "ಬೂಬಮ್ಮ, ಗೇಟಿಂದ ದೂರ ಕೂತ್ಕೋ," ಎಂದರೆ, "ನೀನು ಗೇಟು ದೂರ ಇಟ್ಕೋ, ನಾನು ನಿನ್ನ ಶಾಲೆಗಿಂತ ಮುಂಚೆ ಬಂದವ್ಳು," ಎಂಬ ಉತ್ತರ ಸಿಗುತ್ತಿತ್ತು. ನಿಜವೂ ಹೌದು.

ಗಿಡದ ವಿದ್ಯೆ ಯಾರು ಕಲಿಸಿದರೆಂದು ನಾನೊಮ್ಮೆ ಕೇಳಿದ್ದೆ. "ನಮ್ಮಮ್ಮ. ಹೊಡೆದು ಕಲಿಸಿದ್ಳು," ಎಂದರು. ನಾನು ಕಲಿತದ್ದು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ, ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಗಿಡಗಳನ್ನು ಪೇಪರಿನ ನಡುವೆ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಲ್ಯಾಟಿನ್ ಹೆಸರು ಬರೆದು ಅಂಕ ತೆಗೆದುಕೊಂಡವಳು. ಇದನ್ನು ಈಗ ಹೆಮ್ಮೆಯಿಂದ ಹೇಳುತ್ತಿಲ್ಲ.

ಮೂರು ವರ್ಷದ ಹಿಂದೆ, ಮಳೆಗಾಲದ ಒಂದು ಮಧ್ಯಾಹ್ನ ಅವರು ಮೊದಲ ಸಲ ಗೇಟಿನ ಒಳಗೆ ಬಂದರು. ನಾನು ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕ ತುಂಬುತ್ತಿದ್ದೆ. ಕೈಯಲ್ಲಿದ್ದ ಕೊಂಬೆಯನ್ನು ನನ್ನ ಮೂಗಿನ ಕೆಳಗೆ ಹಿಡಿದು ಲಟಕ್ಕನೆ ಮುರಿದರು. ಬಿಳಿ ಹಾಲು ಪುಸ್ತಕದ ಮೇಲೆ ತೊಟ್ಟಿಕ್ಕಿತು.

"ಟೀಚರಮ್ಮ, ನಿಮ್ಮ ಕಟ್ಟಡದ ಹಿಂದ್ಗಡೆ ಜಲ್ಲಿ ರಾಶಿ ಅದೆಯಲ್ಲ, ಅಲ್ಲಿ ಇದು ಮೈತುಂಬ ಬೆಳ್ದದೆ. ಹಣ್ಣು ಕಪ್ಪಾಗ್ತಾ ಅದೆ. ಮಕ್ಳು ಕಾಗೆಹಣ್ಣು ಅಂತ ತಿಂತಾವೆ. ಅದು ಕಾಗೆಹಣ್ಣಲ್ಲ. ಕೀಳ್ಸಿಬಿಡು."

"ಆಯ್ತು ಬೂಬಮ್ಮ, ಹೇಳ್ತೀನಿ," ಎಂದೆ. ಮೊದಲು ಆ ಹಾಲಿನ ಕಲೆ ಒರೆಸಿದೆ.

ಆ ಗಿಡ ನನಗೆ ಗೊತ್ತಿರಬೇಕಿತ್ತು. ಪುಸ್ತಕದಲ್ಲಿ ದೊಡ್ಡಚಂದ್ರಿಕೆ ಎನ್ನುತ್ತಾರೆ, ಸರ್ಪಗಂಧದ ಕುಲ. ನಾನೇ ಓದುವಾಗ ಅದನ್ನು ಒಣಗಿಸಿ ಹಾಳೆಗೆ ಅಂಟಿಸಿದ್ದೆ. ಒಣಗಿದ ಕಂದು ಎಲೆ ಗುರುತಿತ್ತು. ಹಸಿರಾಗಿ, ಹಾಲು ಸುರಿಸುತ್ತಾ ಎದುರು ನಿಂತಾಗ ಗುರುತಾಗಲಿಲ್ಲ. ಅದೇ ವಾರ ಏಳನೇ ತರಗತಿಗೆ ವಿಷಸಸ್ಯಗಳ ಪಾಠ ಮಾಡಿದ್ದೆ. ದೊಡ್ಡ ಪರದೆಯ ಮೇಲೆ ಯಾವುದೋ ಶೀತದೇಶದ ಹಣ್ಣುಗಳ ಚೆಂದದ ಚಿತ್ರಗಳು. ಗೋಡೆಯ ಆಚೆ, ಕಲ್ಲೆಸೆದರೆ ಬೀಳುವಷ್ಟು ಹತ್ತಿರದಲ್ಲಿ, ಅಸಲಿ ವಿಷ ಗೊಂಚಲುಗಟ್ಟಿ ತೂಗುತ್ತಿತ್ತು.

ಪ್ರಿನ್ಸಿಪಾಲರಿಗೆ ಹೇಳಿದೆ. ಹೇಳಿದೆ ಎನ್ನುವುದಕ್ಕಿಂತ ಕಾರಿಡಾರಿನಲ್ಲಿ ಎದುರಾದಾಗ ಬಾಯಿ ಆಡಿಸಿದೆ. "ಆ ಮುದುಕಿ ಹೇಳಿದ್ದಕ್ಕೆಲ್ಲ ಜೆಸಿಬಿ ತರ್ಸೋಕಾಗತ್ತಾ ಮೇಡಂ? ಇನ್ಸ್ಪೆಕ್ಷನ್ ಮುಗೀಲಿ," ಎಂದರು. ನಾನೂ ಅಲ್ಲಿಗೆ ಬಿಟ್ಟೆ.

ಬೂಬಮ್ಮ ಬಿಡಲಿಲ್ಲ. ಮರುವಾರ ನಾನು ಸಂಜೆ ಬಸ್ಸಿಗೆ ಹೊರಡುತ್ತಿದ್ದಂತೆ, "ಕಿತ್ಸಿದ್ಯಾ?" ಎಂದರು. ಅದರ ಮರುವಾರವೂ ಕೇಳಿದರು. ಮೂರನೇ ಸಲ ಕೇಳುವ ಬದಲು ತಾವೇ ಕುಡುಗೋಲು ಹಿಡಿದು ಹಿತ್ತಲಿಗೆ ನುಗ್ಗಿದರು. ಎರಡು ಗಿಡ ಕಡಿಯುವಷ್ಟರಲ್ಲಿ ವಾಚ್‌ಮನ್ ಬಂದು ರಟ್ಟೆ ಹಿಡಿದು ಹೊರಗೆ ದಬ್ಬಿದ. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಅವರು ಗೇಟಿನ ಆಚೆ ನಿಂತು ಕಟ್ಟಡದ ಕಡೆ ಮುಖ ಮಾಡಿ ಕೂಗಿದರು: "ಓದಿರೋ ಜನ ಥೂ! ಮಕ್ಳು ನಿಮ್ದಲ್ವೇನ್ರೋ!" ತರಗತಿಯ ಮಕ್ಕಳು ನಕ್ಕರು. ನಾನು ಕಿಟಕಿ ಹಾಕಿದೆ.

ಒಂಬತ್ತು ದಿನ. ಅಷ್ಟೇ ಅಂತರ.

ಮೂರನೇ ತರಗತಿಯ ನಾಲ್ಕು ಮಕ್ಕಳು ಊಟದ ಬಿಡುವಿನಲ್ಲಿ ಜಲ್ಲಿ ರಾಶಿಯ ಹತ್ತಿರ ಆಡಲು ಹೋಗಿದ್ದರು. ಕೊನೆಯ ಪಿರಿಯಡ್ಡಿನ ಹೊತ್ತಿಗೆ ಇಬ್ಬರು ವಾಂತಿ ಮಾಡಿಕೊಂಡರು. ಒಬ್ಬ ಹುಡುಗ ಡೆಸ್ಕಿನ ಮೇಲೆ ತಲೆಯಿಟ್ಟವನು ಎಬ್ಬಿಸಿದರೂ ಸರಿಯಾಗಿ ಏಳಲಿಲ್ಲ. ಒಬ್ಬಳು ಹುಡುಗಿಗೆ, ಎಲ್ಲರಿಗಿಂತ ಸಣ್ಣ ಮೈಯವಳು ಅವಳು, ಕೈಕಾಲು ತಣ್ಣಗಾಗಿ ಮಾತು ತೊದಲಿತು. ಶಾಲೆಯ ವ್ಯಾನಿನಲ್ಲಿ ಹಾಕಿಕೊಂಡು ಶಿವಮೊಗ್ಗದ ಒಂದು ಆಸ್ಪತ್ರೆಗೆ ಓಡಿದೆವು. ದಾರಿಯುದ್ದ ಆ ಹುಡುಗಿಯ ತಲೆ ನನ್ನ ತೊಡೆಯ ಮೇಲಿತ್ತು. ಅವಳ ನಾಲಿಗೆ, ತುಟಿ ಎಲ್ಲ ನೇರಳೆ ಬಣ್ಣ.

ಅಲ್ಲಿದ್ದ ಡಾಕ್ಟರು ಇನ್ನೂ ಎಳೆಯ ವಯಸ್ಸಿನವರು. "ಏನು ತಿಂದ್ರು? ಯಾವ ಗಿಡ? ಅದು ಗೊತ್ತಾಗ್ಬೇಕು ನನಗೆ," ಎಂದು ಮತ್ತೆ ಮತ್ತೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪ್ರಿನ್ಸಿಪಾಲರು ಹೇಳಿದರು: "ಗೇಟ್ ಹತ್ರ ಒಬ್ಳು ಕಾಡುಹಣ್ಣು ಮಾರ್ತಾಳೆ ಸರ್, ಅವಳು ಕೊಟ್ಟಿದ್ದು. ನಾವು ಎಷ್ಟು ಹೇಳಿದ್ರೂ ಎದ್ದು ಹೋಗಲ್ಲ."

ಆ ಮಾತು ಅಲ್ಲಿದ್ದ ತಂದೆತಾಯಂದಿರ ಕಿವಿಗೆ ಬಿತ್ತು. ಅಲ್ಲಿಂದ ಅದು ಬೆಂಕಿ. "ಯಾರು? ಆ ಬೂಬಮ್ಮನಾ?" ಎಂದು ಒಬ್ಬರು ಕೇಳಿದ ರೀತಿ ನನಗೆ ಇವತ್ತಿಗೂ ಮರೆತಿಲ್ಲ. ಪ್ರಶ್ನೆಯಲ್ಲೇ ತೀರ್ಪಿತ್ತು.

ಅಷ್ಟರಲ್ಲಿ ಅವರೇ ಬಂದರು. ಮಕ್ಕಳನ್ನು ಹೊತ್ತು ವ್ಯಾನು ಹೊರಟಿದ್ದನ್ನು ಕಂಡು, ಎಲ್ಲಿಗೆಂದು ಕೇಳಿಕೊಂಡು, ಹಿತ್ತಲಿಗೆ ನುಗ್ಗಿ ಹಣ್ಣಿದ್ದ ಕೊಂಬೆಯೊಂದನ್ನು ಕಿತ್ತು, ಬುಟ್ಟಿ ಹೊತ್ತುಕೊಂಡೇ ಆಟೋ ಹತ್ತಿದ್ದರು. ನೇರ ಡಾಕ್ಟರ ಮುಂದೆ ನಿಂತರು. ನರ್ಸ್ ತಡೆಯಲು ಬಂದರೆ, "ನಕ್ಕೋ, ಬೇಡ, ಕೈ ಬಿಡು," ಎಂದು ಕೊಡವಿ ಮೇಜಿನ ಮೇಲಿದ್ದ ಬಿಳಿ ಹತ್ತಿಯ ಬಟ್ಟೆ ಎಳೆದುಕೊಂಡರು. ಬುಟ್ಟಿಯಿಂದ ಒಂದು ಕಾಗೆಹಣ್ಣು ತೆಗೆದು ಅದರ ಮೇಲೆ ಹಿಚುಕಿದರು. ಪಕ್ಕದಲ್ಲಿ ಕೊಂಬೆಯ ಹಣ್ಣೊಂದನ್ನು ಹಿಚುಕಿದರು.

"ನೋಡಪ್ಪ ಡಾಕ್ಟ್ರೇ. ನಾನು ಮಾರೋದು ಇದು. ಒಳಗೆ ಟೊಮ್ಯಾಟೋ ತರ ಪುಡಿ ಪುಡಿ ಬೀಜ. ಇದು ಶಾಲೆ ಹಿತ್ಲಲ್ಲಿ ಬೆಳ್ದಿದ್ದು. ಒಳಗೆ ಕಲ್ಲು, ಒಂದೋ ಎರಡೋ ಅಷ್ಟೇ. ಮಕ್ಳು ಕಕ್ಕಿದ್ದು ಇದ್ರೆ ತೆಗ್ಸಿ ನೋಡು, ಯಾವುದಿದೆ ಅಂತ."

ಡಾಕ್ಟರು ಒಂದು ಕ್ಷಣ ಅವರ ಮುಖ ನೋಡಿದರು. ಆಮೇಲೆ ಮಗುವಿನ ಹಾಸಿಗೆಯ ಕೆಳಗಿದ್ದ ಟ್ರೇ ತರಿಸಿದರು. ಗಟ್ಟಿ ಬೀಜಗಳು. ಏಳೋ ಎಂಟೋ. ಕೊಂಬೆಯ ಎಲೆಗಳನ್ನು ತಿರುಗಿಸಿ ನೋಡಿ, ಫೋನಿನಲ್ಲಿ ಯಾರೊಂದಿಗೋ ಮಾತಾಡಿ, ಪುಸ್ತಕವೊಂದರಲ್ಲಿ ಹುಡುಕಿ, "ಅದಕ್ಕೇ ಎದೆಬಡಿತ ಇಷ್ಟು ನಿಧಾನ. ನಾನು ಬೇರೆ ಏನೋ ಅಂದ್ಕೊಂಡು ಹೊರಟಿದ್ದೆ," ಎಂದರು. ನರ್ಸುಗಳು ಓಡಾಡತೊಡಗಿದರು. ಆ ಹುಡುಗಿಯನ್ನು ಒಳಗಿನ ಕೋಣೆಗೆ ಸಾಗಿಸಿದರು.

ನಾಲ್ಕೂ ಮಕ್ಕಳು ಬದುಕಿದರು. ಮೂವರು ಮರುದಿನವೇ ಎದ್ದು ಕೂತರು, ಆ ಹುಡುಗಿಗೆ ನಾಲ್ಕು ದಿನ ಹಿಡಿಯಿತು. ಗಿಡ ಯಾವುದೆಂದು ಬೇಗ ತಿಳಿದದ್ದು ಒಳ್ಳೆಯದಾಯಿತು ಎಂದು ಡಾಕ್ಟರೇ ನನಗೆ ಹೇಳಿದರು. ಆದರೆ ಅದು ಒಳಗಿನ ಮಾತು. ಹೊರಗೆ ಮೆಟ್ಟಿಲ ಮೇಲೆ ನಡೆದದ್ದೇ ಬೇರೆ.

ಬೂಬಮ್ಮ ಹೊರಗೆ ಬರುತ್ತಿದ್ದಂತೆ ಆ ಹುಡುಗಿಯ ತಾಯಿ ಅವರ ಕೆನ್ನೆಗೆ ಹೊಡೆದಳು. ಮಗಳನ್ನು ಉಳಿಸಲು ಬಂದ ಹೆಂಗಸಿಗೆ. ಯಾರೋ ಬುಟ್ಟಿಗೆ ಒದ್ದರು. ಕಾಗೆಹಣ್ಣು ಮೆಟ್ಟಿಲ ತುಂಬ ಉರುಳಿ ಚಪ್ಪಲಿಗಳ ಕೆಳಗೆ ಮಸಿಯಾಯಿತು. ಹತ್ತು ಫೋನುಗಳು ಮೇಲೆದ್ದವು. ಆ ಫೋಟೋ ಆಗಿನದು. ಅವರು ಮುಖ ಮುಚ್ಚಿಕೊಂಡದ್ದು ತಪ್ಪಿತಸ್ಥೆ ಎಂದಲ್ಲ, ಎರಡನೇ ಏಟು ಬರುತ್ತಿತ್ತು ಎಂದು. ನಾನು ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. "ಬಿಡ್ರೀ ಅವರನ್ನ, ಹಣ್ಣು ನಮ್ಮ ಶಾಲೇದೇ," ಎಂದು ಕೂಗಲು ನಾಲ್ಕು ಹೆಜ್ಜೆಯೂ ಬೇಕಿರಲಿಲ್ಲ. ಅವರು ನನ್ನನ್ನು ನೋಡಿದರು. ನಾನು ಪ್ರಿನ್ಸಿಪಾಲರನ್ನು ನೋಡಿದೆ.

ಪೊಲೀಸರು ಕರೆದುಕೊಂಡು ಹೋದರು. ಡಾಕ್ಟರು ಫೋನ್ ಮಾಡಿ ವಿಷಯ ತಿಳಿಸಿದ ಮೇಲೆ ಸಂಜೆಗೇ ಬಿಟ್ಟರಂತೆ. ಬಿಟ್ಟದ್ದು ಯಾವ ಗುಂಪಿನಲ್ಲೂ ಬರಲಿಲ್ಲ.

ಮರುದಿನ ಬೆಳಗ್ಗೆ ಎಂಟಕ್ಕೇ ಜೆಸಿಬಿ ಬಂದಿತ್ತು. ಒಂದು ತಿಂಗಳು ಬಾರದ ಜೆಸಿಬಿ. ಹಿತ್ತಲು ಅರ್ಧ ಗಂಟೆಯಲ್ಲಿ ಬೋಳಾಯಿತು. ಹತ್ತು ಗಂಟೆಗೆ ಸ್ಟಾಫ್ ರೂಮಿನ ಮೇಜಿನ ಮೇಲೆ ಟೈಪ್ ಮಾಡಿದ ಹಾಳೆ ಇತ್ತು: "ವಿದ್ಯಾರ್ಥಿಗಳು ಶಾಲೆಯ ಹೊರಗಿನಿಂದ ತಂದ ಹಣ್ಣುಗಳನ್ನು ಸೇವಿಸಿದ್ದು ನಮ್ಮ ಗಮನಕ್ಕೆ ಬಂದಿರುತ್ತದೆ." ಕೆಳಗೆ ಒಬ್ಬೊಬ್ಬರಾಗಿ ಸಹಿ ಹಾಕಿದರು. ನಾನೂ ಹಾಕಿದೆ. ಯಾಕೆ ಹಾಕಿದೆ ಎಂಬುದಕ್ಕೆ ನನ್ನ ಬಳಿ ಆಗ ನಾಲ್ಕೈದು ಕಾರಣಗಳಿದ್ದವು. ಅವನ್ನಿಲ್ಲಿ ಬರೆದರೆ ನೀವು ಅಯ್ಯೋ ಪಾಪ ಎನ್ನಬಹುದು. ಅದಕ್ಕೇ ಬರೆಯುವುದಿಲ್ಲ.

ಅವರು ಮತ್ತೆ ಹೊಂಗೆ ಮರದ ಕೆಳಗೆ ಬರಲಿಲ್ಲ. ಎರಡು ತಿಂಗಳಾದ ಮೇಲೆ ನಾನೇ ಭದ್ರಾವತಿಗೆ ಹೋದೆ. ಹಳೇ ಊರಿನ ಕಡೆ ಮೂರು ಬೀದಿ ವಿಚಾರಿಸಿ ಮನೆ ಹುಡುಕಿದೆ. ಅವರ ಗಂಡ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡಿ ತೀರಿಕೊಂಡವರು. ಮಗ ಮೆಕ್ಯಾನಿಕ್. ಮನೆಯಲ್ಲಿ ಅವರು ಮತ್ತು ಕಾಲೇಜಿಗೆ ಹೋಗುವ ಮೊಮ್ಮಗಳು ಇದ್ದರು. ಮಣೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದವರು ತಲೆಯೆತ್ತಿ ನನ್ನನ್ನು ಕಂಡು ಮತ್ತೆ ಬೆಳ್ಳುಳ್ಳಿಗೇ ಮರಳಿದರು.

"ತಪ್ಪಾಯ್ತು. ಶಾಲೆಯವರ ಸುಳ್ಳು ಕಾಗದಕ್ಕೆ ಸಹೀನೂ ಹಾಕ್ದೆ," ಎಂದೆ.

"ಗೊತ್ತು."

"ಕ್ಷಮಿಸಿ."

"ಯಾಕೆ? ಮನೇಗೆ ಹೋಗಿ ನೆಮ್ಮದಿಯಾಗಿ ನಿದ್ದೆ ಮಾಡ್ಬೇಕಾ?" ಸಿಪ್ಪೆ ಊದಿ ಪಕ್ಕಕ್ಕೆ ತಳ್ಳಿದರು. "ಕೇಳು ಮಾರಾಯ್ತಿ. ಆ ತಾಯಿ ಹೊಡೆದ್ಳು, ಅವಳ ಮಗು ಸಾಯ್ತಾ ಇತ್ತು, ಅವಳಿಗೇನು ಗೊತ್ತು? ಆ ಪ್ರಿನ್ಸಿಪಾಲ ಸುಳ್ಳ, ಅವನು ಮೊದಲಿಂದ ಸುಳ್ಳನೇ. ನೀನು? ನಿನ್ನ ಕೈಗೆ ತಂದು ಕೊಟ್ಟಿದ್ನಲ್ಲ. ಮುರಿದು ತೋರ್ಸಿದ್ನಲ್ಲ. ನಿನಗೆ ಗೊತ್ತಿತ್ತು. ಬೀದೀಲಿ ನನ್ನ ಮೊಮ್ಮಗಳನ್ನ ಈಗ ಏನು ಅಂತಾರೆ ಗೊತ್ತಾ? ವಿಷದ ಬೂಬಮ್ಮನ ಮೊಮ್ಮಗಳು. ಹೋಗು, ಕ್ಷಮೆ ಕೇಳೋದು ಇಲ್ಲಲ್ಲ. ಎಲ್ಲಿ ಸುಳ್ಳು ಬರೆದ್ಯೋ ಅಲ್ಲಿ ನಿಜ ಬರಿ."

ಮೊಮ್ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳ ಮುಖ ನೋಡಲಾಗದೆ ಎದ್ದು ಬಂದೆ.

ಆ ವಾರ ಕೂತು ಬರೆದೆ. ನಾಲ್ಕು ಪುಟ. ಯಾವ ದಿನ ಯಾರು ಎಚ್ಚರಿಸಿದರು, ನಾನು ಯಾರಿಗೆ ಹೇಳಿದೆ, ಅವರೇನೆಂದರು, ಸಹಿ ಹೇಗೆ ಹಾಕಿಸಿಕೊಂಡರು, ಎಲ್ಲ. ಶಿಕ್ಷಣ ಇಲಾಖೆಗೊಂದು, ಠಾಣೆಗೊಂದು, ಪ್ರಿನ್ಸಿಪಾಲರಿಗೊಂದು ಪ್ರತಿ ಕೊಟ್ಟೆ. ಪ್ರಿನ್ಸಿಪಾಲರು ಓದಿ ಮುಗಿಸಿ, "ನಿಮ್ಮ ಸಹಿ ಎರಡೂ ಕಡೆ ಇದೆ ಮೇಡಂ, ಯಾವುದನ್ನ ನಂಬ್ಬೇಕು?" ಎಂದು ನಕ್ಕರು. ಆ ನಗು ಅವರಿಗೆ ಒಪ್ಪುತ್ತಿತ್ತು. ಅವತ್ತೇ ಆ ಕೆಲಸ ಬಿಟ್ಟೆ. ಇದರಲ್ಲಿ ತ್ಯಾಗವೇನೂ ಇಲ್ಲ, ತಿಂಗಳೊಳಗೆ ಅವರೇ ಬಿಡಿಸುತ್ತಿದ್ದರು.

ಮುದ್ರೆ ಬಿದ್ದ ಪ್ರತಿ ಹಿಡಿದುಕೊಂಡು ಮತ್ತೆ ಭದ್ರಾವತಿಗೆ ಹೋದೆ. ನಿಜ ಹೇಳಬೇಕೆಂದರೆ ಸ್ವಲ್ಪ ಹೊಗಳಿಕೆಯ ಆಸೆಯೂ ಇತ್ತು. ಅವರಿಗೆ ಓದಲು ಬಾರದು. ಮೊಮ್ಮಗಳು ನಾಲ್ಕೂ ಪುಟವನ್ನು ಗಟ್ಟಿಯಾಗಿ ಓದಿದಳು. ಅವರು ಕಣ್ಣು ಮುಚ್ಚಿ ಕೇಳಿದರು. ತಮ್ಮ ಹೆಸರು ಬಂದಲ್ಲೆಲ್ಲ ತಲೆ ಆಡಿಸಿದರು. ಓದು ಮುಗಿದ ಮೇಲೆ ಕಣ್ಣು ತೆರೆದು ಕೇಳಿದರು:

"ಗಿಡ ಎಲ್ಲಿ?"

ನನಗೆ ಅರ್ಥವಾಗಲಿಲ್ಲ.

"ನನ್ನ ವಿಷಯ ಬರ್ದಿದ್ದೀಯ, ನಿನ್ನ ವಿಷಯ ಬರ್ದಿದ್ದೀಯ, ಅವನ ವಿಷಯ ಬರ್ದಿದ್ದೀಯ. ಗಿಡ ಹೆಂಗಿರ್ತದೆ ಅಂತ ಒಂದು ಸಾಲಿಲ್ಲ! ನಾಳೆ ಇನ್ನೊಂದು ಶಾಲೆ ಹಿತ್ಲಲ್ಲಿ ಇನ್ನೊಂದು ಮಗು ತಿಂತದೆ. ನಿನ್ನ ನಾಲ್ಕು ಪುಟ ಓದಿ ಅದು ಉಗೀತದಾ?" ಅವರ ಧ್ವನಿ ಬೀದಿಗೆ ಕೇಳುವಷ್ಟು ಏರಿತ್ತು. "ಇಷ್ಟು ಓದಿ ಏನು ಕಲ್ತೆ ನೀನು? ತಗೋ ಪೆನ್ನು."

ಮೊಮ್ಮಗಳು ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದುಕೊಟ್ಟಳು. ಅವರು ಹೇಳಿದರು, ನಾನು ಬರೆದೆ. ಗಿಡ ಮೊಣಕಾಲುದ್ದ, ಕೆಲವು ಸೊಂಟದುದ್ದ. ಗಂಟಿಗೆ ನಾಲ್ಕು ಎಲೆ, ಎರಡು ದೊಡ್ಡದು, ಎರಡು ಸಣ್ಣದು. ಮುರಿದರೆ ಹಾಲು. ಹಣ್ಣು ಹಸಿರಿನಿಂದ ಕೆಂಪಾಗಿ, ಕೆಂಪಿನಿಂದ ಕಪ್ಪಾಗುತ್ತದೆ, ಮೂರೂ ಬಣ್ಣ ಒಂದೇ ಗೊಂಚಲಲ್ಲಿ ಸಿಗಬಹುದು. ಒಳಗೆ ಕಲ್ಲಿನಂಥ ಬೀಜ. ಕಾಗೆಹಣ್ಣಿನ ಗಿಡಕ್ಕೆ ಹಾಲಿಲ್ಲ, ಎಲೆ ಹಾಗೆ ಸುತ್ತುಗಟ್ಟುವುದಿಲ್ಲ, ಬೀಜ ಪುಡಿ ಪುಡಿ. ಗುರುತು ಹತ್ತದಿದ್ದರೆ ಎರಡನ್ನೂ ಮುಟ್ಟಬೇಡಿ. ತಿಂದುಬಿಟ್ಟರೆ ಕಾಯಬೇಡಿ, ಕೊಂಬೆ ಕಿತ್ತುಕೊಂಡು ಮಗುವಿನ ಜೊತೆ ಆಸ್ಪತ್ರೆಗೆ ಓಡಿ. ನಾನು "ಸುಮಾರು" ಎಂದು ಬರೆದ ಕಡೆ, "ಸುಮಾರು ಅಂದ್ರೆ ಏನು? ಇರೋದು ಬರಿ," ಎಂದು ಗದರಿಸಿ ಹೊಡೆದುಹಾಕಿಸಿದರು. ಮೂರು ಸಲ ಓದಿಸಿ ಮೂರು ಸಲ ತಿದ್ದಿಸಿದರು. ಕೊನೆಗೆ ಅವರ ಹೆಸರು ಹಾಕಲು ಹೊರಟೆ. "ಬೇಡ. ನನ್ನ ಹೆಸರು ನೋಡಿದ್ರೆ ಯಾರೂ ಓದಲ್ಲ ಈಗ," ಎಂದರು.

ಆ ಹಾಳೆಯನ್ನು ಪ್ರತಿ ಮಾಡಿಸಿ ಶಿವಮೊಗ್ಗ, ಭದ್ರಾವತಿಯ ಎಷ್ಟೋ ಶಾಲೆಗಳಿಗೆ ನಾನೇ ಕೊಟ್ಟು ಬಂದೆ. ಕೆಲವರು ಗೋಡೆಗೆ ಅಂಟಿಸಿದರು, ಕೆಲವರು ನೋಡೋಣ ಎಂದರು. ನನ್ನ ನಾಲ್ಕು ಪುಟಕ್ಕೆ ಇವತ್ತಿನವರೆಗೆ ಯಾವ ಕಚೇರಿಯಿಂದಲೂ ಉತ್ತರ ಬಂದಿಲ್ಲ. ಪ್ರಿನ್ಸಿಪಾಲರು ಈಗ ಇನ್ನೂ ದೊಡ್ಡ ಶಾಲೆಯಲ್ಲಿದ್ದಾರೆ.

ಆ ಹಾಳೆ ಬರೆಸಿದ ದಿನ ಹೊರಡುವಾಗ ಹೊಸ್ತಿಲಲ್ಲಿ ನಿಂತು, "ನನ್ನ ಮೇಲೆ ಇನ್ನೂ ಸಿಟ್ಟಿದೆಯಾ?" ಎಂದು ಕೇಳಿದೆ. ಎಂಥ ಪೆದ್ದ ಪ್ರಶ್ನೆ.

"ಇರಲ್ವಾ ಮತ್ತೆ?" ಎಂದರು. "ಸಾಯೋತನಕ ಇರ್ತದೆ. ಹೋಗು, ಬಸ್ಸು ತಪ್ತದೆ. ಆ ಕಾಗದ ಮಡಚಬೇಡ, ಅಕ್ಷರ ಅಳಿಸಿ ಹೋಗ್ತದೆ."